ತಟ್ಟೆ ಖಾಲಿಯಾದ ಮಾತ್ರಕ್ಕೆ ಊಟ ಸರಿಯಿತ್ತು ಎಂದಲ್ಲ: ನಾಯಿ, ಬೆಕ್ಕುಗಳ ಆಹಾರದ ತಪ್ಪು ನಂಬಿಕೆಗಳು

ನಾಯಿಗೆ, ಬೆಕ್ಕಿಗೆ ಏನು ಹಾಕಬೇಕು ಎಂಬ ಮಾತು ಬಂದಾಗಲೆಲ್ಲ ಒಂದು ವಾದ ಬಂದೇ ಬರುತ್ತದೆ: "ನಮ್ಮದು ಇದನ್ನೇ ತಿಂದು ಬೆಳೆದಿದೆ, ಏನೂ ಆಗಿಲ್ಲ." ಆಹಾರದ ವಿಷಯದಲ್ಲಿ ಇಷ್ಟು ದಾರಿ ತಪ್ಪಿಸುವ ಸಾಕ್ಷಿ ಇನ್ನೊಂದಿಲ್ಲ. ಪೋಷಕಾಂಶ ಕಡಿಮೆಯಿರುವ ಊಟ ತಿನ್ನುವ ಪ್ರಾಣಿ ಮೊದಲು ಮೈಯಲ್ಲಿರುವ ದಾಸ್ತಾನನ್ನೇ ಕರಗಿಸುತ್ತದೆ. ಮೂಳೆಯಿಂದ ಕ್ಯಾಲ್ಸಿಯಂ, ಸ್ನಾಯುವಿನಿಂದ ಪ್ರೋಟೀನ್, ಲಿವರಿನಿಂದ ವಿಟಮಿನ್ 'ಎ' ತೆಗೆದು ದಿನ ದೂಡುತ್ತದೆ. ಹೊರಗಿನಿಂದ ನೋಡಿದರೆ ಮೈ ಮಿರಿಮಿರಿ, ಓಡಾಟ ಚುರುಕು. ರಕ್ತ ಪರೀಕ್ಷೆ ಮಾಡಿಸಿದರೂ ಕ್ಯಾಲ್ಸಿಯಂ ಸರಿಯಾಗಿಯೇ ಕಾಣಬಹುದು, ಏಕೆಂದರೆ ರಕ್ತದ ಮಟ್ಟ ಕಾಪಾಡಲೆಂದೇ ದೇಹ ಮೂಳೆಯನ್ನು ಸವೆಸುತ್ತಿರುತ್ತದೆ. ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷ ಕಳೆದ ಮೇಲೆ ತೊಂದರೆ ಎದ್ದು ಕಂಡಾಗ ಅದನ್ನು ಊಟಕ್ಕೆ ಹೊಂದಿಸಿ ನೋಡುವವರು ಕಡಿಮೆ.

ಹಾಗಾಗಿ ಪ್ರಾಣಿ ಎಷ್ಟು ಆಸೆಯಿಂದ ತಿಂದಿತು, ಮರುದಿನ ಹೇಗಿತ್ತು ಎಂಬುದನ್ನು ನೋಡಿ ಆಹಾರದ ಗುಣ ಅಳೆಯಲಾಗದು. ಅದರೊಳಗೆ ಏನಿದೆ, ಎಷ್ಟಿದೆ ಎಂದೇ ನೋಡಬೇಕು.

ಬೆಕ್ಕನ್ನು ಚಿಕ್ಕ ನಾಯಿ ಎಂದುಕೊಳ್ಳುವುದು

ಮನೆಯಲ್ಲಿ ಎರಡೂ ಇದ್ದರೆ ಒಂದೇ ಚೀಲದ ಆಹಾರವನ್ನು ಇಬ್ಬರಿಗೂ ಹಾಕುವುದು ಸುಲಭ. ಎರಡರ ಹಲ್ಲೂ ಮಾಂಸಾಹಾರಿಯದೇ, ಆದರೆ ದೇಹದೊಳಗಿನ ಕಾರ್ಖಾನೆ ಬೇರೆ ಬೇರೆ. ನಾಯಿ ಮನುಷ್ಯನ ಜೊತೆ ಬದುಕಲು ಶುರುಮಾಡಿದ ಮೇಲೆ ಪಿಷ್ಟವನ್ನು ಜೀರ್ಣಿಸಿಕೊಳ್ಳುವ ಶಕ್ತಿ ಬೆಳೆಸಿಕೊಂಡಿತು. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಒಂದು ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳವರೆಗೆ ಇರುತ್ತವೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಾಯಿಯನ್ನು ತೋಳದಂತೆ ಸಾಕಬೇಕು, ಅನ್ನ ತೋರಿಸಲೇಬಾರದು ಎನ್ನುವವರ ವಾದ ಬಿದ್ದುಹೋಗುವುದು ಇಲ್ಲಿಯೇ. ಚೆನ್ನಾಗಿ ಬೆಂದ ಅನ್ನವನ್ನು ನಾಯಿ ಸಲೀಸಾಗಿ ಅರಗಿಸಿಕೊಳ್ಳುತ್ತದೆ.

ಬೆಕ್ಕು ಮಾತ್ರ ಕಟ್ಟಾ ಮಾಂಸಾಹಾರಿಯಾಗಿಯೇ ಉಳಿದಿದೆ. ಕ್ಯಾರೆಟ್‌ನಂಥ ತರಕಾರಿಯಲ್ಲಿರುವ ಬೀಟಾ ಕ್ಯಾರೋಟಿನ್‌ನಿಂದ ನಾಯಿ ವಿಟಮಿನ್ 'ಎ' ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಅದು ಆಗದು, ಪ್ರಾಣಿಜನ್ಯ ಆಹಾರದಿಂದ ಸಿದ್ಧರೂಪದಲ್ಲೇ ಬರಬೇಕು. ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ, ನಿಯಾಸಿನ್ ವಿಟಮಿನ್ ಕತೆಯೂ ಹಾಗೆಯೇ. ಎಲ್ಲಕ್ಕಿಂತ ಮುಖ್ಯವಾದದ್ದು ಟಾರಿನ್ ಎಂಬ ಅಮೈನೋ ಆಮ್ಲ. ನಾಯಿಯ ದೇಹ ಸಾಮಾನ್ಯವಾಗಿ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕು ತಯಾರಿಸುವುದು ತೀರಾ ಅಲ್ಪ, ಅದರ ಮೇಲೆ ಪಿತ್ತರಸದಲ್ಲಿ ಪ್ರತಿದಿನ ಕಳೆದುಕೊಳ್ಳುತ್ತಲೇ ಇರುತ್ತದೆ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ರೆಟಿನಾ ನಾಶವಾಗುತ್ತದೆ ಎಂದು 1975ರಲ್ಲೇ ಗೊತ್ತಾಗಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು, ಹೃದಯ ಹಿಗ್ಗಿ ಸೋತುಹೋಗುವ ಕಾಯಿಲೆಗೂ ಇದೇ ಕಾರಣವೆಂದೂ, ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆಂದೂ ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದುದು ಅಂಗಡಿಯಲ್ಲಿ ಮಾರುತ್ತಿದ್ದ ಆಹಾರವನ್ನೇ. ಆಮೇಲೆ ತಯಾರಕರು ಬೆಕ್ಕಿನ ಆಹಾರದಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಿದರು. ಹೃದಯವೇನೋ ಚೇತರಿಸಿಕೊಂಡೀತು, ರೆಟಿನಾ ಒಮ್ಮೆ ಹಾಳಾದರೆ ಮರಳಿ ಬಾರದು.

ನಾಯಿಯ ಆಹಾರದಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರಲೇಬೇಕೆಂಬ ನಿಯಮವಿಲ್ಲ. ಒಂದು ಹೊತ್ತು ಬೆಕ್ಕು ನಾಯಿಯ ತಟ್ಟೆಗೆ ಬಾಯಿ ಹಾಕಿದರೆ ಗಾಬರಿಪಡಬೇಕಿಲ್ಲ, ಅದೇ ನಿತ್ಯದ ಊಟವಾಗಬಾರದು ಅಷ್ಟೆ. ತಿರುಗಾಮುರುಗಾ, ಬೆಕ್ಕಿನ ಆಹಾರ ನಾಯಿಗೆ ಬಲು ರುಚಿ. ಅದರಲ್ಲಿ ಕೊಬ್ಬು, ಪ್ರೋಟೀನ್ ಹೆಚ್ಚು. ನಿತ್ಯ ತಿಂದ ನಾಯಿ ದಪ್ಪಗಾಗುತ್ತದೆ, ಒಗ್ಗದ ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತವೂ ಬರಬಹುದು. ಬೆಕ್ಕಿನ ತಟ್ಟೆಯನ್ನು ನಾಯಿ ಹಾರದಷ್ಟು ಎತ್ತರದಲ್ಲಿಟ್ಟರೆ ಈ ತಾಪತ್ರಯ ಮುಗಿಯಿತು.

ಸಸ್ಯಾಹಾರದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಪೋಷಕಾಂಶ ಲೆಕ್ಕಹಾಕಿ ರೂಪಿಸಿದ ಸಸ್ಯಾಹಾರದಲ್ಲಿ ನಾಯಿ ಬದುಕಬಲ್ಲದು. ಮನೆಯವರು ಉಣ್ಣುವುದನ್ನೇ ಹಾಕುವುದು ಅಂಥ ಆಹಾರವಲ್ಲ. ಬೆಕ್ಕಿನ ಮಟ್ಟಿಗೆ ಮನೆಯಲ್ಲಿ ಮಾಡಿದ ಸಸ್ಯಾಹಾರ ಬೇಡವೇ ಬೇಡ.

ಬರೀ ಮಾಂಸ ಹಾಕಿದರೆ ಪೂರ್ತಿಯಾಯಿತೇ?

ಬೆಕ್ಕು ಮಾಂಸಾಹಾರಿ ಎಂದು ತಿಳಿದ ಮರುಗಳಿಗೆಯೇ ಜನ ಮಾಡುವ ತಪ್ಪು ಇದು. ದಿನವೂ ಬೇಯಿಸಿದ ಕೋಳಿ ಎದೆಮಾಂಸ ಹಾಕುತ್ತಾರೆ, ಬೆಕ್ಕೂ ಖುಷಿಯಿಂದ ತಿನ್ನುತ್ತದೆ. ಆದರೆ ಬೇಟೆಯಾಡುವ ಬೆಕ್ಕು ಇಲಿಯ ಎದೆಮಾಂಸ ಮಾತ್ರ ತಿನ್ನುವುದಿಲ್ಲ. ಮೂಳೆ, ಲಿವರ್, ಹೃದಯ, ರಕ್ತ ಎಲ್ಲ ಸೇರಿಸಿ ತಿನ್ನುತ್ತದೆ. ನೂರು ಗ್ರಾಂ ಮೂಳೆಯಿಲ್ಲದ ಕೋಳಿಮಾಂಸದಲ್ಲಿ ರಂಜಕ (ಫಾಸ್ಫರಸ್) ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ ಬರೀ 10 ಮಿಲಿಗ್ರಾಂ ಆಸುಪಾಸು. ಅಂದರೆ ಕ್ಯಾಲ್ಸಿಯಂನ ಇಪ್ಪತ್ತು ಪಟ್ಟು ರಂಜಕ. ಬೇಕಾದದ್ದು ಹೆಚ್ಚುಕಡಿಮೆ ಸಮಸಮ, ಕ್ಯಾಲ್ಸಿಯಂ ಸ್ವಲ್ಪ ಹೆಚ್ಚಿದ್ದರೆ ಇನ್ನೂ ಒಳ್ಳೆಯದು.

ಈ ಅನುಪಾತ ಕೆಟ್ಟಾಗ, ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವ ಪ್ಯಾರಾಥೈರಾಯಿಡ್ ಗ್ರಂಥಿ ಎಚ್ಚೆತ್ತು ಮೂಳೆಯಿಂದ ಕ್ಯಾಲ್ಸಿಯಂ ಎಳೆಯತೊಡಗುತ್ತದೆ. ಬೆಳೆಯುವ ಮರಿಗಳಲ್ಲಿ ಇದು ಕೆಲವೇ ವಾರಗಳಲ್ಲಿ ಗೊತ್ತಾಗುತ್ತದೆ: ಮರಿ ಆಟ ಬಿಡುತ್ತದೆ, ಎತ್ತಿಕೊಂಡರೆ ಅಳುತ್ತದೆ, ಕಾಲು ಬಾಗುತ್ತದೆ, ಸೋಫಾದಿಂದ ಇಳಿದಷ್ಟಕ್ಕೇ ಮೂಳೆ ಮುರಿಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ತೆಳುವಾಗಿರುತ್ತದೆ ಎಂದರೆ ಸುತ್ತಲಿನ ಮಾಂಸಕ್ಕೂ ಅದಕ್ಕೂ ವ್ಯತ್ಯಾಸ ಹೇಳುವುದೇ ಕಷ್ಟ. ದಿನವೂ ಹೊಟ್ಟೆ ತುಂಬ ಮಾಂಸ ತಿಂದ ಮರಿಗೇ ಈ ಗತಿ ಬರುತ್ತದೆ.

ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ಹಾಕೋಣವೆಂದು ಹೊರಡುವುದು ಇದರ ಮುಂದಿನ ತಪ್ಪು. ಮನೆಯಡುಗೆಗೆ ನುಣ್ಣಗೆ ಪುಡಿಮಾಡಿದ ಮೊಟ್ಟೆಚಿಪ್ಪು ಸೇರಿಸುವುದುಂಟು. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಿಂದ ಕ್ಯಾಲ್ಸಿಯಂ ಸರಿಹೋದೀತು, ಆದರೆ ಸತು, ತಾಮ್ರ, ಅಯೋಡಿನ್, ವಿಟಮಿನ್ 'ಡಿ' ಮತ್ತು 'ಇ' ಹಾಗೇ ಖಾಲಿ. ಇನ್ನೊಂದು ಕಡೆ, ಪೊಟ್ಟಣದ ಸಂಪೂರ್ಣ ಆಹಾರ ತಿನ್ನುತ್ತಿರುವ ದೊಡ್ಡ ತಳಿಯ ನಾಯಿಮರಿಗೆ ಮೇಲಿಂದ ಕ್ಯಾಲ್ಸಿಯಂ ಕೊಟ್ಟರೆ ಹಾನಿಯೇ ಹೆಚ್ಚು. ಚಿಕ್ಕ ಮರಿಗಳ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬಂದಷ್ಟನ್ನೂ ಹೀರಿಕೊಂಡು ಮೂಳೆ, ಕೀಲುಗಳು ವಿಕಾರವಾಗಿ ಬೆಳೆಯುತ್ತವೆ. ಮರಿ ದಷ್ಟಪುಷ್ಟವಾಗಲಿ ಎಂದು ಕೊಟ್ಟದ್ದೇ ಅದನ್ನು ಕುಂಟಿಸುತ್ತದೆ.

ಬಿಸಿಲಲ್ಲಿ ಮಲಗಿಸಿದರೆ ವಿಟಮಿನ್ 'ಡಿ' ತಾನೇ ಬರುತ್ತದೆ ಎಂಬ ನಂಬಿಕೆಯೂ ಇದೆ. ಮನುಷ್ಯರ ಚರ್ಮದಂತೆ ನಾಯಿ, ಬೆಕ್ಕುಗಳ ಚರ್ಮ ಬೇಕಾದಷ್ಟು 'ಡಿ' ತಯಾರಿಸುವುದಿಲ್ಲ, ಅದು ಊಟದಿಂದಲೇ ಬರಬೇಕು. ಹಾಗೆಂದು ಮನುಷ್ಯರ ಡ್ರಾಪ್ಸ್ ಹಾಕುವ ಯೋಚನೆಯೂ ಬೇಡ. 'ಡಿ' ಹೆಚ್ಚಾದರೆ ಕಿಡ್ನಿ ಕೆಡುತ್ತದೆ.

ಮನೆಯಡುಗೆಯೇ ಬೇಕೆನ್ನುವವರ ಆಸೆ ತಪ್ಪಲ್ಲ, ಅಂದಾಜಿನ ಅಡುಗೆ ತಪ್ಪು. ಡೇವಿಸ್‌ನ ಸಂಶೋಧಕರು ನಾಯಿಗಳಿಗಾಗಿ ಪುಸ್ತಕ, ಜಾಲತಾಣಗಳಲ್ಲಿ ಬಂದ 200 ಪಾಕವಿಧಾನಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅವುಗಳಲ್ಲಿ ಶೇಕಡಾ 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶ ಕಡಿಮೆಯಿತ್ತು. ದಿನಕ್ಕೊಂದು ಬಗೆ ಮಾಡಿದರೆ ಸರಿದೂಗುತ್ತದೆ ಎಂಬ ಸಮಾಧಾನಕ್ಕೂ ಆಧಾರವಿಲ್ಲ, ಏಕೆಂದರೆ ಹಲವು ಪಾಕಗಳಲ್ಲಿ ಕಡಿಮೆ ಬೀಳುವುದು ಅದದೇ ಪೋಷಕಾಂಶಗಳು. ಪಶು ಪೋಷಣಾ ತಜ್ಞರು ಆ ಪ್ರಾಣಿಯ ತೂಕ, ವಯಸ್ಸಿಗೆ ಬರೆದುಕೊಟ್ಟ ಪಾಕವನ್ನು, ಅವರು ಹೇಳಿದ ಪೂರಕ ಪುಡಿಯ ಜೊತೆ, ತಕ್ಕಡಿಯಲ್ಲಿ ತೂಗಿ ಮಾಡಬೇಕು. ಬೆಕ್ಕಿಗೆ ಮಾಂಸ ಬೇಯಿಸಿದ ನೀರನ್ನು ಚೆಲ್ಲಬಾರದು. ಟಾರಿನ್ ನೀರಿನಲ್ಲಿ ಕರಗುತ್ತದೆ. ಸಾರು ಚೆಲ್ಲಿದರೆ ಒಳ್ಳೆಯ ಪಾಲು ಅದರ ಜೊತೆಗೇ ಹೋಗುತ್ತದೆ.

ಹಾಲು, ಮೊಟ್ಟೆ, ಮೀನು, ಲಿವರ್

ಬೆಕ್ಕು ಎಂದರೆ ಹಾಲು ಎಂಬುದು ಎಷ್ಟು ಹಳೆಯ ಜೋಡಿಯೋ ಅಷ್ಟೇ ಹಳೆಯ ತಪ್ಪು. ಹಾಲು ಕುಡಿಯುವ ವಯಸ್ಸು ಮುಗಿದ ಮೇಲೆ ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಿಣ್ವ ಬೆಕ್ಕಿನಲ್ಲೂ ನಾಯಿಯಲ್ಲೂ ಕಡಿಮೆಯಾಗುತ್ತದೆ. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಜೀರ್ಣವಾಗದೆ ಉಳಿದದ್ದು ಕರುಳಿಗೆ ನೀರು ಎಳೆದು, ಹುಳಿತು, ಭೇದಿ ತರಿಸುತ್ತದೆ. ಎಲ್ಲ ಬೆಕ್ಕಿಗೂ ಹೀಗಾಗದು, ಒಂದೆರಡು ಚಮಚ ಕುಡಿದು ಸುಮ್ಮನಿರುವ ಬೆಕ್ಕುಗಳೂ ಬೇಕಾದಷ್ಟಿವೆ. ಆದರೆ ನೀರಿನ ಬದಲು ಹಾಲಿಡುವುದು, ಊಟಕ್ಕೆ ಹಾಲೇ ಸಾಕೆನ್ನುವುದು ಸಲ್ಲ.

ತಾಯಿ ಇಲ್ಲದ ಮರಿಗಳ ವಿಷಯದಲ್ಲಿ ಈ ತಪ್ಪು ಜೀವಕ್ಕೇ ಎರವಾಗುತ್ತದೆ. ಬೆಕ್ಕು, ನಾಯಿಗಳ ಹಾಲಿನಲ್ಲಿ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರೋಟೀನ್ ಇದೆ, ಕೊಬ್ಬೂ ಹೆಚ್ಚು, ಲ್ಯಾಕ್ಟೋಸ್ ಕಡಿಮೆ. ಹಸುವಿನ ಹಾಲು ಕುಡಿದ ಮರಿ ಹಸಿವಿನಲ್ಲೇ ಉಳಿದು ಭೇದಿಯಲ್ಲಿ ಸೊರಗುತ್ತದೆ, ಅದಕ್ಕೆ ನೀರು ಬೆರೆಸಿದರೆ ಇನ್ನೂ ಕೆಟ್ಟದ್ದು. ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಡಬ್ಬಿಯ ಮೇಲಿನ ಅಳತೆಗೆ ಸರಿಯಾಗಿ ಕಲಸಿ, ಮೈಬಿಸಿಯಷ್ಟು ಬೆಚ್ಚಗೆ ಮಾಡಿ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ ಕುಡಿಸಬೇಕು. ಮನುಷ್ಯ ಶಿಶುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿಯ ಮೈ ತಣ್ಣಗಿದ್ದರೆ ಮೊದಲು ಬೆಚ್ಚಗಾಗಿಸಿ, ಆಮೇಲೆ ಹಾಲು. ತಣ್ಣಗಾದ ಮರಿಯ ಹೊಟ್ಟೆ, ಕರುಳು ಕೆಲಸ ಮಾಡುವುದಿಲ್ಲ.

ಹಸಿ ಮೊಟ್ಟೆಯಿಂದ ಕೂದಲು ಹೊಳೆಯುತ್ತದೆ ಎನ್ನುತ್ತಾರೆ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನ್, ಕೂದಲು ಮತ್ತು ಚರ್ಮಕ್ಕೆ ಬೇಕಾದ ಬಯೋಟಿನ್ ವಿಟಮಿನ್ನನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಬೇಯಿಸಿದರೆ ಅವಿಡಿನ್ ಕೆಲಸ ಮಾಡದು, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯವೂ ಹೋಗುತ್ತದೆ. ಬೆಂದ ಮೊಟ್ಟೆ ಎರಡಕ್ಕೂ ಒಳ್ಳೆಯ ಆಹಾರ.

ಮೀನಿನ ಕತೆ ಇದಕ್ಕಿಂತ ಗಂಭೀರ. ಹಲವು ಜಾತಿಯ ಹಸಿ ಮೀನಿನಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇದ್ದು, ವಿಟಮಿನ್ 'ಬಿ1' ಅನ್ನು ನಾಶಮಾಡುತ್ತದೆ. ದಿನವೂ ಹಸಿ ಮೀನು ತಿನ್ನುವ ಬೆಕ್ಕು ಮೊದಲು ಊಟ ಬಿಡುತ್ತದೆ, ಆಮೇಲೆ ತೂರಾಡುತ್ತದೆ, ತಲೆ ಎತ್ತಲಾಗದೆ ಗಲ್ಲ ಎದೆಗೆ ತಾಗುವಂತೆ ಕುತ್ತಿಗೆ ಬಾಗುತ್ತದೆ, ಕೊನೆಗೆ ಫಿಟ್ಸ್. ಕುತ್ತಿಗೆ ಬಾಗಿದ್ದು ಕಂಡ ದಿನವೇ ಪಶುವೈದ್ಯರ ಬಳಿ ಹೋದರೆ 'ಬಿ1' ಚುಚ್ಚುಮದ್ದಿನಿಂದ ಬೇಗ ಸುಧಾರಿಸುತ್ತದೆ. ಬೇಯಿಸಿದರೆ ಈ ಕಿಣ್ವ ಸಾಯುತ್ತದೆ. ಹಾಗಿದ್ದರೂ ಬರೀ ಎಣ್ಣೆಮೀನು ಹಾಕುತ್ತಾ ಹೋದರೆ ವಿಟಮಿನ್ 'ಇ' ಕೊರತೆಯಾಗಿ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಒಳಗಾಗುತ್ತದೆ. ಅಂಥ ಬೆಕ್ಕನ್ನು ಮುಟ್ಟಿದರೂ ನೋವು. ಲಿವರ್ ಸಹ ಅಷ್ಟೆ: ಸ್ವಲ್ಪವಾದರೆ ಒಳ್ಳೆಯದು, ನಿತ್ಯವೂ ಅದೇ ಆದರೆ ವಿಟಮಿನ್ 'ಎ' ಮಿತಿಮೀರಿ ಬೆಕ್ಕಿನ ಕುತ್ತಿಗೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೈ ನೆಕ್ಕಿಕೊಳ್ಳಲೂ ಆಗದ ಬೆಕ್ಕಿನ ಕೂದಲು ಗಂಟುಗಟ್ಟಿದಾಗ ಕಾರಣ ಹುಡುಕುತ್ತಾ ಹೋದರೆ ತಟ್ಟೆಗೆ ಬಂದು ನಿಲ್ಲುತ್ತದೆ.

ಮೂಳೆ ಮತ್ತು ಹಲ್ಲು

ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲು, ಕರುಳನ್ನು ಚುಚ್ಚುತ್ತದೆ ಎಂಬುದು ಬಹಳ ಜನರಿಗೆ ಗೊತ್ತು. ಹಸಿ ಮೂಳೆಯಾದರೆ ಅಪಾಯವಿಲ್ಲ ಎಂಬುದು ಅದರ ಬಾಲ ಹಿಡಿದು ಬಂದ ತಪ್ಪು. ಹಸಿಯದು ಕಡಿಮೆ ಸೀಳಬಹುದು, ಆದರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಕರುಳು ಕಟ್ಟುವುದು, ಕಲ್ಲಿನಂಥ ಮಲಬದ್ಧತೆ ಹಸಿಯದರಿಂದಲೂ ಆಗುತ್ತದೆ. ದನದ ಕಾಲಿನ ಮೂಳೆಯಂಥ ಗಟ್ಟಿ ಮೂಳೆ ಕಚ್ಚಿದ ನಾಯಿಯ ಮೇಲ್ದವಡೆಯ ದೊಡ್ಡ ಹಲ್ಲಿನ ಹೊರಪದರ ಚಕ್ಕೆಯೆದ್ದು ಬರುವುದು ದಂತವೈದ್ಯರಿಗೆ ದಿನನಿತ್ಯದ ನೋಟ. ಅಗಿಯಲು ಏನೇ ಕೊಡುವ ಮುಂಚೆ ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಗುರುತು ಬೀಳದಿದ್ದರೆ ಅದು ಹಲ್ಲಿಗೆ ತೀರಾ ಗಟ್ಟಿ.

ಒಣ ಆಹಾರ ಹಲ್ಲು ಸ್ವಚ್ಛ ಮಾಡುತ್ತದೆ ಎಂಬ ಮಾತೂ ಹೀಗೆಯೇ ಓಡಾಡುತ್ತಿದೆ. ಹಲ್ಲಿನ ತುದಿ ತಾಗುತ್ತಲೇ ಸಾಮಾನ್ಯ ಒಣ ಕಾಳು ಪುಡಿಯಾಗುತ್ತದೆ. ಕೊಳೆ ಕಟ್ಟುವ ವಸಡಿನಂಚಿಗೆ ಅದು ತಾಗುವುದೇ ಇಲ್ಲ. ಬೆಕ್ಕುಗಳಂತೂ ಎಷ್ಟೋ ಕಾಳನ್ನು ಅಗಿಯದೆ ನುಂಗುತ್ತವೆ. ಹಲ್ಲಿಗೆಂದೇ ಮಾಡಿದ ಆಹಾರದ ಕಾಳು ದೊಡ್ಡದು, ಹಲ್ಲು ಒಳಹೊಕ್ಕರೂ ಬೇಗ ಒಡೆಯದ ನಾರಿನ ರಚನೆಯದು. ಅದು ಬೇರೆ ವಸ್ತು. ದಿನವೂ ಬ್ರಷ್ ಮಾಡುವುದಕ್ಕೆ ಸಮನಾದದ್ದು ಇಲ್ಲ, ಪೇಸ್ಟ್ ಮಾತ್ರ ಪ್ರಾಣಿಗಳಿಗೆಂದೇ ತಯಾರಿಸಿದ್ದಾಗಿರಬೇಕು.

ಎಷ್ಟು ಹಾಕಬೇಕು

ಪೊಟ್ಟಣದ ಹಿಂದಿನ ಪಟ್ಟಿ ಒಂದು ಅಂದಾಜು. ಸಂತಾನಹರಣ ಮಾಡಿಸಿದ, ಮನೆಯೊಳಗೇ ಇರುವ ಪ್ರಾಣಿಗೆ ಅದು ಸಾಮಾನ್ಯವಾಗಿ ಹೆಚ್ಚೇ ಆಗುತ್ತದೆ. ಪಶುವೈದ್ಯರು ಬಳಸುವ ಲೆಕ್ಕವನ್ನು ಮೊಬೈಲ್ ಕ್ಯಾಲ್ಕುಲೇಟರಿನಲ್ಲೇ ಮಾಡಬಹುದು. ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು ಮೂರು ಸಲ ಬರೆದು ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ಒತ್ತಿ, 70ರಿಂದ ಗುಣಿಸಿ. ಇದು ಸುಮ್ಮನೆ ಮಲಗಿರಲು ಬೇಕಾಗುವ ಶಕ್ತಿ. ಸಂತಾನಹರಣ ಆದ ವಯಸ್ಕ ನಾಯಿಗೆ ಇದನ್ನು 1.6ರಿಂದ, ಬೆಕ್ಕಿಗೆ 1.2ರಿಂದ ಗುಣಿಸಬೇಕು.

4 ಕಿಲೋ ಬೆಕ್ಕನ್ನು ತೆಗೆದುಕೊಳ್ಳಿ. 4 × 4 × 4 ಅಂದರೆ 64, ವರ್ಗಮೂಲ 8, ಅದರ ವರ್ಗಮೂಲ 2.83, 70ರಿಂದ ಗುಣಿಸಿದರೆ 198, 1.2ರಿಂದ ಗುಣಿಸಿದರೆ ಸುಮಾರು 238 ಕಿಲೋಕ್ಯಾಲೊರಿ. ನೂರು ಗ್ರಾಂಗೆ 380 ಕಿಲೋಕ್ಯಾಲೊರಿ ಇರುವ ಒಣ ಆಹಾರವಾದರೆ ಇಡೀ ದಿನಕ್ಕೆ 62 ಗ್ರಾಂ ಸಾಕು. ಒಮ್ಮೆ ತೂಗಿ ಅಂಗೈಯಲ್ಲಿಟ್ಟು ನೋಡಿ, ಇಷ್ಟೇನಾ ಎನಿಸುತ್ತದೆ. 10 ಕಿಲೋ ನಾಯಿಗೆ ಇದೇ ದಾರಿಯಲ್ಲಿ ಸುಮಾರು 630 ಕಿಲೋಕ್ಯಾಲೊರಿ ಬರುತ್ತದೆ. ಇದೂ ಆರಂಭದ ಸಂಖ್ಯೆಯಷ್ಟೆ. ಎರಡು ವಾರಕ್ಕೊಮ್ಮೆ ತೂಕ ನೋಡಿ ಹೆಚ್ಚುಕಡಿಮೆ ಮಾಡಬೇಕು. ಲೋಟದಲ್ಲಿ ಅಳೆಯುವ ಅಭ್ಯಾಸ ಬಿಟ್ಟು ಅಡುಗೆಮನೆಯ ತಕ್ಕಡಿ ಬಳಸಿ. ಒಂದೇ ಲೋಟ ಬೇರೆ ಬೇರೆ ಕೈಯಲ್ಲಿ ಬೇರೆ ಬೇರೆ ತೂಕ ತುಂಬುತ್ತದೆ.

ತಿಂಡಿ, ಬಿಸ್ಕತ್ತು, ಕೈತುತ್ತು ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇಕಡಾ 10 ಮೀರಬಾರದು. ಆ ಬೆಕ್ಕಿನ ಪಾಲಿಗೆ ಅದು 24 ಕಿಲೋಕ್ಯಾಲೊರಿ. 30 ಗ್ರಾಂ ಗಿಣ್ಣಿನಲ್ಲಿ, ಅಂದರೆ ಚೀಸ್‌ನಲ್ಲಿ, ಸುಮಾರು 120 ಇರುತ್ತದೆ, ಅದರ ಅರ್ಧ ದಿನದ ಊಟ.

"ಅದಕ್ಕೆ ಬೇಕಾದಷ್ಟು ತಿಂದು ತಾನೇ ನಿಲ್ಲಿಸುತ್ತದೆ" ಎಂಬ ಮಾತು ಕೆಲವು ಪ್ರಾಣಿಗಳಿಗಷ್ಟೇ ನಿಜ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲುಭಾಗಕ್ಕೆ ಹಸಿವಿಗೆ ಸಂಬಂಧಿಸಿದ ಒಂದು ಜೀನಿನ ತುಂಡೇ ಇಲ್ಲ ಎಂದು 2016ರಲ್ಲಿ ಗೊತ್ತಾಯಿತು. ಅಂಥ ನಾಯಿಯ ಬೇಡುವ ಕಣ್ಣು ಹೊಟ್ಟೆಯ ಸ್ಥಿತಿ ಹೇಳುವುದಿಲ್ಲ. ಪಕ್ಕೆಲುಬಿನ ಮೇಲೆ ಬೆರಳು ಸವರಿ ನೋಡಿ: ಒತ್ತದೆಯೇ ಎಲುಬು ಎಣಿಸುವಂತಿರಬೇಕು, ಆದರೆ ದೂರಕ್ಕೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗಾರರಿಗಿಂತ ಕಾಲುಭಾಗ ಕಡಿಮೆ ತಿಂದ ನಾಯಿಗಳ ಮಧ್ಯಮ ಆಯುಷ್ಯ 13 ವರ್ಷ, ಉಳಿದವುಗಳದ್ದು 11.2 ವರ್ಷ. ತೆಳ್ಳಗಿದ್ದವುಗಳಿಗೆ ಕೀಲುನೋವೂ ತಡವಾಗಿ ಬಂತು. ಯಾವ ದುಬಾರಿ ಪೂರಕವೂ ಇಷ್ಟು ಕೊಡುವುದಿಲ್ಲ.

ಪೊಟ್ಟಣದ ಮೇಲೆ ಏನು ಓದಬೇಕು

ಮುಂಭಾಗದ ಚಿತ್ರ ಬಿಡಿ, ಹಿಂದಿನ ಸಣ್ಣ ಅಕ್ಷರ ನೋಡಿ. ಅಲ್ಲಿ "ಸಂಪೂರ್ಣ ಮತ್ತು ಸಮತೋಲಿತ" ಎಂಬ ಅರ್ಥದ ಸಾಲಿರಬೇಕು, ಯಾವ ಪ್ರಾಣಿಗೆ, ಯಾವ ವಯಸ್ಸಿಗೆ ಎಂದೂ ಹೇಳಿರಬೇಕು. ಅಮೆರಿಕದ ಆಫ್ಕೊ, ಯುರೋಪಿನ ಫೆಡಿಯಾಫ್ ಈ ಅಳತೆಗಳನ್ನು ರೂಪಿಸುವ ಸಂಸ್ಥೆಗಳು. "ಪೂರಕ" ಎಂದಿದ್ದರೆ ಅದು ತಿಂಡಿ, ಊಟವಲ್ಲ. ಬೆಕ್ಕಿನ ಎಷ್ಟೋ ಆಕರ್ಷಕ ಸಣ್ಣ ಪೊಟ್ಟಣಗಳು ಈ ಗುಂಪಿನವು.

ಡಬ್ಬಿಯ ಮೇಲೆ ಪ್ರೋಟೀನ್ ಶೇಕಡಾ 10, ಒಣ ಚೀಲದ ಮೇಲೆ ಶೇಕಡಾ 30 ಎಂದಿದ್ದರೆ ಒಣದ್ದೇ ಮೇಲು ಎನಿಸುತ್ತದೆ. ನೀರು ತೆಗೆದು ನೋಡಿ. ಡಬ್ಬಿಯಲ್ಲಿ ನೀರು ಶೇಕಡಾ 80, ಉಳಿದ 20 ಪಾಲಿನಲ್ಲಿ 10 ಪ್ರೋಟೀನ್, ಅಂದರೆ ಅರ್ಧ. ಒಣದರಲ್ಲಿ ನೀರು 10, ಉಳಿದ 90ರಲ್ಲಿ 30, ಅಂದರೆ ಮೂರನೇ ಒಂದು. ಪದಾರ್ಥಗಳ ಪಟ್ಟಿಯಲ್ಲಿ ಕೋಳಿಮಾಂಸ ಮೊದಲಿರುವುದಕ್ಕೂ ಇದೇ ಎಚ್ಚರ ಬೇಕು, ಏಕೆಂದರೆ ಹಸಿ ಮಾಂಸವನ್ನು ನೀರಿನ ಸಮೇತ ತೂಗಿ ಬರೆದಿರುತ್ತಾರೆ. "ಬೂದಿ" ಎಂದು ಬರೆದದ್ದನ್ನು ಕಂಡು ಬೂದಿ ಬೆರೆಸಿದ್ದಾರೆಂದು ಬೆದರುವವರಿದ್ದಾರೆ. ಆಹಾರವನ್ನು ಪ್ರಯೋಗಾಲಯದಲ್ಲಿ ಸುಟ್ಟಾಗ ಉಳಿಯುವ ಖನಿಜಾಂಶದ ಲೆಕ್ಕ ಅದು. ಉಪಉತ್ಪನ್ನ ಎಂದರೂ ಕಸವಲ್ಲ, ಲಿವರ್, ಕಿಡ್ನಿ, ಶ್ವಾಸಕೋಶದಂಥ ಅಂಗಗಳೂ ಅದರಲ್ಲಿ ಸೇರುತ್ತವೆ.

ಧಾನ್ಯವೇ ಅಲರ್ಜಿಗೆ ಕಾರಣ ಎಂಬ ಪ್ರಚಾರದಿಂದ ಧಾನ್ಯರಹಿತ ಆಹಾರ ಜನಪ್ರಿಯವಾಯಿತು. ನಾಯಿಗಳ ಆಹಾರ ಅಲರ್ಜಿಯಲ್ಲಿ ಹೆಚ್ಚಾಗಿ ಸಿಗುವವು ದನದ ಮಾಂಸ, ಹಾಲಿನ ಉತ್ಪನ್ನ, ಕೋಳಿ. ಗೋಧಿ ಅವುಗಳ ನಂತರ. ಬೆಕ್ಕಿನಲ್ಲಿ ದನದ ಮಾಂಸ, ಮೀನು. ಪತ್ತೆಮಾಡಲು ಎಂಟು ವಾರ ಒಂದೇ ಹೊಸ ಆಹಾರ ಕೊಟ್ಟು, ಬೇರೆ ತುತ್ತೂ ಇಲ್ಲದೆ ಕಾದು, ಹಳೆಯದನ್ನು ಮರಳಿ ಕೊಟ್ಟು ನೋಡಬೇಕು. ಬಟಾಣಿ, ಬೇಳೆ ಹೆಚ್ಚಿರುವ ಧಾನ್ಯರಹಿತ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತನಿಖೆ ಆರಂಭಿಸಿತು. ಕಾರಣ ಸಂಬಂಧ ಸ್ಥಾಪಿಸುವಷ್ಟು ಮಾಹಿತಿ ಇಲ್ಲವೆಂದು 2022ರ ಕೊನೆಗೆ ಹೇಳಿತು. ಅಲರ್ಜಿ ಖಚಿತವಾಗದೆ ಧಾನ್ಯ ಬಿಡಿಸುವುದರಿಂದ ಲಾಭವೇನೂ ಇಲ್ಲ.

ಹಸಿ ಮಾಂಸದ ಪಕ್ಷಪಾತಿಗಳು ಫ್ರೀಜರಿನಲ್ಲಿಟ್ಟರೆ ರೋಗಾಣು ಸಾಯುತ್ತವೆ ಎನ್ನುತ್ತಾರೆ. ಕೆಲವು ಪರಾವಲಂಬಿಗಳು ಸಾಯುತ್ತವೆ, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಬದುಕುಳಿಯುತ್ತವೆ. ಎಚ್5ಎನ್1 ಹಕ್ಕಿಜ್ವರದ ವೈರಾಣುವೂ ಉಳಿಯುತ್ತದೆ: 2024ರ ಡಿಸೆಂಬರಿನಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಶೈತ್ಯೀಕರಿಸಿದ ಹಸಿ ಆಹಾರ ತಿಂದ ಬೆಕ್ಕೊಂದು ಅದರಿಂದ ಸತ್ತಿತು. ಬೇಯಿಸಿಯೇ ಹಾಕುವುದು ಮೇಲು.

ವಯಸ್ಸಾದ ಪ್ರಾಣಿಗೆ ಪ್ರೋಟೀನ್ ಕಡಿಮೆ ಮಾಡಬೇಕೆಂಬುದನ್ನೂ ಬಿಡಬೇಕು. ಆರೋಗ್ಯವಾಗಿರುವ ಕಿಡ್ನಿಯನ್ನು ಪ್ರೋಟೀನ್ ಕೆಡಿಸುವುದಿಲ್ಲ; ಕಡಿಮೆ ಮಾಡಿದರೆ ಮುದಿ ಬೆಕ್ಕಿನ ಸ್ನಾಯು ಕರಗುತ್ತದೆ. ಕಿಡ್ನಿ ಕಾಯಿಲೆ ಪತ್ತೆಯಾದ ಮೇಲಿನ ಮಾತು ಬೇರೆ. ಆಗ ಮುಖ್ಯವಾಗಿ ರಂಜಕ ತಗ್ಗಿಸಿದ ಆಹಾರವನ್ನು ವೈದ್ಯರು ಬರೆಯುತ್ತಾರೆ.

ಹಸಿದರೆ ತಾನೇ ತಿನ್ನುತ್ತದೆ?

ನಾಯಿಯ ಮೇಲೆ ಈ ಹಟ ಒಂದೆರಡು ದಿನ ನಡೆದೀತು. ಬೆಕ್ಕಿನ ಮೇಲೆ, ಅದರಲ್ಲೂ ದಪ್ಪ ಬೆಕ್ಕಿನ ಮೇಲೆ ನಡೆಸಲೇಬಾರದು. ಊಟ ನಿಂತಾಗ ಮೈಯ ಕೊಬ್ಬು ಲಿವರಿಗೆ ನುಗ್ಗುತ್ತದೆ. ಬೆಕ್ಕಿನ ಲಿವರ್ ಅದನ್ನು ಸಾಗಿಸಲಾರದೆ ತಾನೇ ಕೊಬ್ಬಿನಿಂದ ತುಂಬಿ ಸೋಲುತ್ತದೆ. ಎರಡು ಮೂರು ದಿನದ ಉಪವಾಸ ಇದಕ್ಕೆ ಸಾಕು. ಬೆಕ್ಕು 24 ಗಂಟೆ ಏನೂ ಮುಟ್ಟದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಕಣ್ಣು, ಕಿವಿಯ ಒಳಭಾಗ ಹಳದಿಯಾಗುವವರೆಗೆ ಕಾಯುವುದು ಬೇಡ.

ಆಹಾರ ಬದಲಿಸುವಾಗ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ: ಮೊದಲು ಕಾಲುಭಾಗ ಹೊಸದು, ಮೂರು ದಿನಕ್ಕೆ ಅರ್ಧ, ಆಮೇಲೆ ಮುಕ್ಕಾಲು. ಹಟಮಾರಿ ಬೆಕ್ಕಿಗೆ ಇದು ವಾರಗಟ್ಟಲೆಯೂ ಹಿಡಿಯಬಹುದು. ಡಬ್ಬಿ ಆಹಾರವನ್ನು ಮೈಬಿಸಿಗೆ ಬೆಚ್ಚಗೆ ಮಾಡಿದರೆ ವಾಸನೆ ಎದ್ದು ಬಾಯಿ ಹಾಕುತ್ತದೆ. ಒಣ ಆಹಾರ ಮಾತ್ರ ತಿನ್ನುವ ಬೆಕ್ಕು ಬಟ್ಟಲಿನ ನೀರು ಕುಡಿದು ಕೊರತೆ ಪೂರ್ತಿ ತುಂಬಿಕೊಳ್ಳುವುದಿಲ್ಲ. ಮೂತ್ರದ ತೊಂದರೆ ಇರುವ ಬೆಕ್ಕಿಗೆ ಡಬ್ಬಿ ಆಹಾರ ಹೆಚ್ಚಿಸುವುದು ಅದಕ್ಕೇ.

ಚೂರು ತಿಂದರೆ ಏನಾಗುತ್ತದೆ?

ಕೊರತೆಗಳು ತಿಂಗಳು ತೆಗೆದುಕೊಂಡರೆ ವಿಷಗಳು ಗಂಟೆಗಳಲ್ಲಿ, ದಿನಗಳಲ್ಲಿ ಕೆಲಸ ಮುಗಿಸುತ್ತವೆ. ಇಲ್ಲೂ "ಹೋದ ಸಲ ತಿಂದಿತ್ತು" ಎಂಬ ವಾದ ನಡೆಯದು, ಏಕೆಂದರೆ ಪ್ರಮಾಣ ಮತ್ತು ತೂಕವೇ ಎಲ್ಲ. ಚಾಕೊಲೇಟಿನ ಥಿಯೋಬ್ರೋಮಿನ್ ನಾಯಿಯ ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಆದಾಗ ವಾಂತಿ, ಚಡಪಡಿಕೆ ಶುರು, 40-50ಕ್ಕೆ ಹೃದಯದ ಬಡಿತ ತಪ್ಪುತ್ತದೆ, 60ಕ್ಕೆ ಫಿಟ್ಸ್. 5 ಕಿಲೋ ನಾಯಿ 50 ಗ್ರಾಂ ಹಾಲಿನ ಚಾಕೊಲೇಟ್ ತಿಂದರೆ ಸುಮಾರು ಮೊದಲ ಹಂತ. ಅದೇ 50 ಗ್ರಾಂ ಡಾರ್ಕ್ ಚಾಕೊಲೇಟ್ ಆದರೆ ಎರಡನೆಯದು. ಕೋಕೋ ಪುಡಿ ಇನ್ನೂ ತೀಕ್ಷ್ಣ.

ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ, ಒಣಗಿಸಿ ಪುಡಿಮಾಡಿದರೂ ವಿಷವೇ. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣಿ, ಚಿಗಟ ಹೋಗುತ್ತವೆ ಎಂಬ ಮನೆಮದ್ದು ಅಪಾಯಕಾರಿ. ಬೆಕ್ಕಿಗೆ ಕಿಲೋ ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು, ಕೆಂಪು ರಕ್ತಕಣಗಳು ಒಡೆಯತೊಡಗುತ್ತವೆ. ಅದು ಗೊತ್ತಾಗುವುದು ಮೂರು ನಾಲ್ಕು ದಿನದ ಮೇಲೆ: ಬಿಳಿಚಿದ ವಸಡು, ಕಂದುಗೆಂಪು ಮೂತ್ರ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತವೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂಬ ಅಂದಾಜು 2021ರಿಂದ ಬಲವಾಗಿದೆ, ಅದೇ ಆಮ್ಲ ಹೇರಳವಾಗಿರುವ ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಕಿಡ್ನಿ ಸೋತ ಪ್ರಕರಣಗಳಿವೆ. ಸಕ್ಕರೆರಹಿತ ಚ್ಯೂಯಿಂಗ್ ಗಮ್, ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಸಿಹಿಗೆಂದು ಹಾಕುವ ಝೈಲಿಟಾಲ್ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನಾಯಿಯ ರಕ್ತದ ಸಕ್ಕರೆ ಕುಸಿಯುವಂತೆ ಮಾಡಬಲ್ಲದು. ಪ್ರಮಾಣ ಹೆಚ್ಚಾದರೆ ಲಿವರ್ ಸೋಲುತ್ತದೆ.

ಇವುಗಳಲ್ಲಿ ಯಾವುದು ಹೊಟ್ಟೆ ಸೇರಿದರೂ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ, ಆ ಉಪ್ಪೇ ಮೆದುಳಿಗೆ ಅಪಾಯ. ಏನು ತಿಂದಿತು, ಸುಮಾರು ಎಷ್ಟು ಗ್ರಾಂ, ಎಷ್ಟು ಹೊತ್ತಾಯಿತು, ಪ್ರಾಣಿಯ ತೂಕ ಎಷ್ಟು ಎಂಬ ನಾಲ್ಕನ್ನು ಬರೆದುಕೊಂಡು ಪಶುವೈದ್ಯರಿಗೆ ಕರೆ ಮಾಡಿ, ಉಳಿದ ಹೊದಿಕೆಯನ್ನು ಜೊತೆಗೊಯ್ಯಿರಿ. ವಾಂತಿ ಮಾಡಿಸಿ ಪ್ರಯೋಜನವಿರುವುದು ಹೆಚ್ಚಾಗಿ ಮೊದಲ ಎರಡು ಗಂಟೆ. ದ್ರಾಕ್ಷಿ ತಿಂದ ನಾಯಿ ಅಷ್ಟು ಹೊತ್ತಿಗೆ ಬಾಲ ಅಲ್ಲಾಡಿಸುತ್ತಲೇ ಇರಬಹುದು. ಕಿಡ್ನಿ ಕೆಟ್ಟ ಲಕ್ಷಣ ಕಾಣುವುದು ಒಂದರಿಂದ ಮೂರು ದಿನದ ಮೇಲೆ.